ಮೊದಲು ನೀರು ಹುಡುಕಿ, ಕಾರ್ಪೆಟ್ ಆಮೇಲೆ: ಹಳೆಯ ಎಂಜಿಬಿ ಕಾರಿನ ಒಳಗನ್ನು ಮನೆಯಲ್ಲೇ ಸರಿಮಾಡುವುದು

ಪ್ರಶ್ನೆ: ಸರ್, ನಮಸ್ಕಾರ. ನಮ್ಮೂರು ಹಾಸನ, ಹನ್ನೊಂದು ವರ್ಷದಿಂದ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ. ಹೋದ ತಿಂಗಳು 1971ರ ಎಂಜಿಬಿ ರೋಡ್‌ಸ್ಟರ್, ಅಂದರೆ ಬ್ರಿಟನ್ನಿನ ಹಳೆಯ ತೆರೆದ ಸ್ಪೋರ್ಟ್ಸ್ ಕಾರು, ಕೊಂಡೆ. ಎಂಜಿನ್ ಚೆನ್ನಾಗಿದೆ. ಒಳಗಿನ ಅವಸ್ಥೆ ಮಾತ್ರ ನೋಡೋಕಾಗಲ್ಲ. ಸೀಟು ಹರಿದಿವೆ, ಕಾರ್ಪೆಟ್ ಕೊಳೆತಿದೆ, ಬಾಗಿಲಿನ ಒಳಹಲಗೆ ಸೊಟ್ಟಗಾಗಿದೆ, ಡ್ಯಾಶ್‌ಬೋರ್ಡಿನ ಬಣ್ಣ ಎದ್ದಿದೆ, ಜೊತೆಗೆ ಮುಗ್ಗಲು ವಾಸನೆ. ಕಾರ್ಪೆಟ್ ಸೆಟ್ ಈಗಲೇ ಆರ್ಡರ್ ಮಾಡೋಣ ಅಂತಿದ್ದೇನೆ. ಸೀಟಿಗೆ ಲೆದರ್ ಹಾಕಲಾ, ರೆಕ್ಸಿನ್ ಸಾಕಾ? ಡಿಸೆಂಬರಿನಲ್ಲಿ ಊರಿಗೆ ಬಂದಾಗ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಕವರ್ ಹೊಲಿಸಿ ತರಬಹುದಾ? ನನಗೆ ಗ್ಯಾರೇಜ್ ಇದೆ, ಕೈಕೆಲಸ ಅಷ್ಟಿಷ್ಟು ಬರುತ್ತದೆ, ಹೊಲಿಗೆ ಬರಲ್ಲ.

ಉತ್ತರ:

ಕಾರ್ಪೆಟ್ ಆರ್ಡರ್ ಮಾಡಬೇಡಿ. ಮಾಡಿಬಿಟ್ಟಿದ್ದರೆ ಡಬ್ಬ ಒಡೆಯದೆ ಅಟ್ಟಕ್ಕೆ ಹಾಕಿ. ಅದಕ್ಕೆ ಕೈ ಹಾಕುವ ಹೊತ್ತಿಗೆ ಚಳಿಗಾಲ ಮುಗಿದಿರುತ್ತದೆ.

ಹೀಗೆ ಗಟ್ಟಿಯಾಗಿ ಹೇಳೋದಕ್ಕೆ ಕಾರಣ ಇದೆ. ನನ್ನ ಮೊದಲ ಎಂಜಿಬಿಗೆ ನಾನು ಮಾಡಿದ ಮೊದಲ ಕೆಲಸವೇ ಹೊಸ ಕಾರ್ಪೆಟ್. ಎರಡು ಭಾನುವಾರ ಮಂಡಿಯೂರಿ ಅಂಟಿಸಿದೆ, ಬಂದವರಿಗೆಲ್ಲ ತೋರಿಸಿದೆ. ಮುಂದಿನ ಮಾರ್ಚಿನಲ್ಲಿ ಡ್ರೈವರ್ ಕಾಲ ಬಳಿ ಒತ್ತಿ ನೋಡಿದರೆ ನೀರು ತುಂಬಿದ ಸ್ಪಂಜಿನ ಹಾಗೆ ಪಚಪಚ ಅಂತು. ಕಿತ್ತು ನೋಡಿದರೆ ಕೆಳಗಿನ ತಗಡು ತುಕ್ಕು ಹಿಡಿದು ಹಪ್ಪಳದ ಹಾಗೆ ಏಳುತ್ತಿತ್ತು. ಕಾರ್ಪೆಟ್ ಹೋಯಿತು, ಅದರ ಜೊತೆಗೆ ನೆಲವೂ. ನಿಮ್ಮ ಪತ್ರದಲ್ಲಿರುವ ಕೊಳೆತ ಕಾರ್ಪೆಟ್, ಸೊಟ್ಟಗಾದ ಹಲಗೆ, ಮುಗ್ಗಲು ವಾಸನೆ, ಈ ಮೂರೂ ಬೇರೆ ಬೇರೆ ರೋಗ ಅಂದುಕೊಳ್ಳಬೇಡಿ. ಮೂರಕ್ಕೂ ಒಂದೇ ಮೂಲ, ನೀರು. ಅದು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುವವರೆಗೆ ಒಂದು ಪೌಂಡೂ ಖರ್ಚು ಮಾಡಬೇಡಿ.

ಮೊದಲು ಬಿಚ್ಚುವ ಕೆಲಸ. ಅದಕ್ಕೂ ಮೊದಲು ಫೋನ್ ತಗೊಂಡು ಎಲ್ಲದರ ಫೋಟೊ ಹೊಡೆಯಿರಿ. ಇಡೀ ಕಾರಿನ ಚಂದದ ಫೋಟೊ ಬೇಡ, ಸ್ಕ್ರೂ ಯಾವ ತೂತಿನಲ್ಲಿತ್ತು, ವೈರು ಯಾವ ಬದಿಯಿಂದ ಬಂತು, ಕಾರ್ಪೆಟ್ಟಿನ ಅಂಚು ಯಾವುದರ ಮೇಲೆ ಕೂತಿತ್ತು, ಇಂಥವು. ಸ್ಕ್ರೂಗಳನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮೇಲೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದಿಡಿ. ಎಲ್ಲವನ್ನೂ ಒಂದೇ ಹಳೆಯ ಬಿಸ್ಕತ್ ಡಬ್ಬಕ್ಕೆ ಸುರಿದು, ಆರು ತಿಂಗಳಾದ ಮೇಲೆ ಅದನ್ನು ಚಾಪೆಯ ಮೇಲೆ ಹರಡಿಕೊಂಡು ಕೂತವರನ್ನು ನಾನು ನೋಡಿದ್ದೇನೆ. ಮುಖ ನೋಡಿದರೆ ಪಾಪ ಅನ್ನಿಸುತ್ತಿತ್ತು.

ಆಮೇಲೆ ಬ್ಯಾಟರಿ. ನಿಮ್ಮ ಕಾರಿನಲ್ಲಿ ಅದು ಬಾನೆಟ್ ಕೆಳಗೆ ಸಿಗಲ್ಲ. ಸೀಟಿನ ಹಿಂದೆ, ಕಾರ್ಪೆಟ್ ಎತ್ತಿದರೆ ಒಂದು ಮುಚ್ಚಳ ಇದೆ, ಅದರ ಕೆಳಗೆ. 1974ರವರೆಗಿನ ಎಂಜಿಬಿಗಳಲ್ಲಿ ಅಲ್ಲಿ 6 ವೋಲ್ಟಿನ ಎರಡು ಬ್ಯಾಟರಿ ಇರುತ್ತಿದ್ದವು. ಹಿಂದಿನ ಮಾಲೀಕರು ಅದನ್ನು ತೆಗೆದು 12 ವೋಲ್ಟಿನದು ಒಂದು ಕೂರಿಸಿರಲೂಬಹುದು. ಏನೇ ಇದ್ದರೂ ಅರ್ತ್ ವೈರು ಬಿಚ್ಚಿಯೇ ಮುಂದಿನ ಕೆಲಸ. ಇದು ಎಲ್ಲರೂ ಹೇಳುವ ಮಾತು, ಅರ್ಧ ಜನ ಮಾಡಲ್ಲ. ಡ್ಯಾಶ್‌ಬೋರ್ಡ್ ಹಿಂದಿನ ಕಂದು ವೈರಿಗೆ ಫ್ಯೂಸೂ ಇಲ್ಲ, ಕೀ ತಿರುಗಿಸಬೇಕು ಅಂತಲೂ ಇಲ್ಲ, ಅದರಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ. ಪಾನಾ ತಗುಲಿದರೆ ಇಡೀ ವೈರಿಂಗ್ ಸುಟ್ಟು ಹೋಗುವುದಕ್ಕೆ ಒಂದು ನಿಮಿಷ ಸಾಕು. ಮುಚ್ಚಳ ತೆಗೆದಾಗ ಬ್ಯಾಟರಿ ಕೂರುವ ಬುಟ್ಟಿಯನ್ನೂ ಟಾರ್ಚ್ ಹಾಕಿ ನೋಡಿ. ಆಸಿಡ್ ಬಿದ್ದು ತೂತಾಗಿರುವುದು ಮಾಮೂಲಿ.

ಪಾನಾ ಅಂದೆನಲ್ಲ, ಅದರದ್ದೂ ಒಂದು ಮಾತು. ಈ ಕಾರು ಇಂಚಿನ ಲೆಕ್ಕದ್ದು. ಸೀಟಿನ ಬೋಲ್ಟಿನ ತಲೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಮನೆಯಲ್ಲಿರುವ 13ರ ಪಾನಾ ಹಾಕಿದರೆ ಕೂತ ಹಾಗೇ ಕಾಣುತ್ತದೆ, ಜೋರಾಗಿ ತಿರುಗಿಸಿದರೆ ತಲೆ ಸವೆದು ದುಂಡಗಾಗುತ್ತದೆ. ಐವತ್ತು ವರ್ಷದ ತುಕ್ಕಿನ ಬೋಲ್ಟು ದುಂಡಗಾದರೆ ಆ ವಾರ ಮುಗಿಯಿತು ಅಂತಲೇ ಲೆಕ್ಕ. ಇಂಚಿನ ಸಾಕೆಟ್ ಸೆಟ್ ಒಂದು ಕೊಳ್ಳಿ. ಹಿಂದಿನ ರಾತ್ರಿಯೇ ಬೋಲ್ಟುಗಳ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಸಾಧ್ಯವಾದರೆ ಕಾರಿನ ಕೆಳಗಿನಿಂದಲೂ ಬಿಡಿ. ಬೆಳಿಗ್ಗೆ ಮೊದಲು ಸ್ವಲ್ಪ ಬಿಗಿಮಾಡಿ, ಆಮೇಲೆ ಸಡಿಲಿಸಿ. ಸೀಟು ಎತ್ತಿದಾಗ ಅದು ಹಿಂದೆ ಮುಂದೆ ಜಾರುವ ಸ್ಲೈಡಿನ ಕೆಳಗೆ ಮರದ ಪಟ್ಟಿ ಕಂಡರೆ ಯಾರೋ ತೇಪೆ ಹಾಕಿದ್ದಾರೆ ಅಂತ ಎಸೆಯಬೇಡಿ. ಕಾರ್ಖಾನೆಯವರೇ ಎತ್ತರಕ್ಕೆ ಇಟ್ಟಿದ್ದು.

ಹಳೆಯ ಕಾರ್ಪೆಟ್ ಎಷ್ಟೇ ಗಲೀಜಾಗಿದ್ದರೂ ಎಸೆಯಬೇಡಿ. ಒಣಗಿಸಿ, ಒಂದೊಂದು ತುಂಡಿನ ಹಿಂದೆ ಚಾಕ್‌ಪೀಸಿನಲ್ಲಿ ಎಡ, ಬಲ, ಮುಂದೆ ಅಂತ ಬರೆದಿಡಿ. ಮುಂದೆ ನಿಮಗೆ ನಕ್ಷೆ ಅಂದರೆ ಅದೇ.

ಈಗ ಕಾರು ಒಳಗೆ ಖಾಲಿ. ಬಿಸಿಲಿದ್ದರೆ ಬಾಗಿಲು ತೆಗೆದಿಡಿ, ಲೆಸ್ಟರ್‌ನಲ್ಲಿ ಇಲ್ಲದಿದ್ದರೆ ತೇವ ಹೀರುವ ಮೆಷಿನ್ ಎರಡು ದಿನ ಗ್ಯಾರೇಜಿನಲ್ಲಿ ಓಡಿಸಿ. ನೆಲ ಪೂರ್ತಿ ಒಣಗಿದ ಮೇಲೆ ನೀರಿನ ಪರೀಕ್ಷೆ. ಇದಕ್ಕೆ ಇಬ್ಬರು ಬೇಕು. ಒಬ್ಬರು ಟಾರ್ಚ್ ಹಿಡಿದು ಕಾರಿನೊಳಗೆ ಮಲಗಬೇಕು, ತಲೆ ಪೆಡಲ್ ಹತ್ತಿರ ಇರಬೇಕು. ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಬೇಕು. ಜೋರಾಗಿ ಬೇಡ, ಮಳೆ ಬರುವಷ್ಟು. ಇಡೀ ಕಾರಿಗೆ ಒಟ್ಟಿಗೆ ಬಿಟ್ಟರೆ ಏನೂ ಗೊತ್ತಾಗಲ್ಲ. ಕೆಳಗಿನಿಂದ ಶುರುಮಾಡಿ ಒಂದೊಂದೇ ಜಾಗಕ್ಕೆ ಐದೈದು ನಿಮಿಷ ಬಿಡಿ: ಬಾಗಿಲಿನ ಬುಡ, ಆಮೇಲೆ ಗಾಜಿನ ಮೂಲೆ, ಆಮೇಲೆ ವಿಂಡ್‌ಶೀಲ್ಡಿನ ಕೆಳಗಿನ ರಬ್ಬರ್, ಕೊನೆಗೆ ವಿಂಡ್‌ಶೀಲ್ಡಿನ ಮುಂದೆ ಬಾನೆಟ್ಟಿನ ಹಿಂದಿರುವ ಗಾಳಿಯ ಜಾಲರಿ.

ಆ ಜಾಲರಿಯ ಮೇಲೇ ನನ್ನ ಅನುಮಾನ. ಹೀಟರಿಗೂ ಕಾಲಿನ ಬಳಿಗೂ ಹೊರಗಿನ ಗಾಳಿ ಹೋಗುವುದು ಅದರ ಮೂಲಕ. ಮಳೆ ನೀರೂ ಅಲ್ಲೇ ಬೀಳುತ್ತದೆ. ಬಿದ್ದ ನೀರು ಒಂದು ರಬ್ಬರ್ ಕೊಳವೆಯಲ್ಲಿ ಗೇರ್‌ಬಾಕ್ಸಿನ ಮೇಲಿನ ಸುರಂಗಕ್ಕೆ ಇಳಿದು ಕಾರಿನ ಕೆಳಗೆ ಹೋಗಬೇಕು, ಏರ್ಪಾಡು ಚೆನ್ನಾಗೇ ಇದೆ. ಆದರೆ ಐವತ್ತು ವರ್ಷದ ತರಗೆಲೆ, ಮಣ್ಣು, ಒಂದೊಂದು ಸಲ ಇಲಿ ಕೂಡಿಟ್ಟ ಕಾಳು, ಎಲ್ಲ ಸೇರಿ ಆ ಕೊಳವೆ ಕಟ್ಟಿಕೊಳ್ಳುತ್ತದೆ. ನೀರು ಮೇಲೆ ತುಂಬಿ ಗಾಳಿಯ ಬಾಗಿಲಿನಿಂದ ಉಕ್ಕಿ ನೇರ ಕಾರ್ಪೆಟ್ಟಿಗೆ ಸುರಿಯುತ್ತದೆ. ಜನ ವಿಂಡ್‌ಶೀಲ್ಡ್ ರಬ್ಬರ್ ಬದಲಾಯಿಸುತ್ತಾರೆ, ಬಾಗಿಲಿನ ರಬ್ಬರ್ ಬದಲಾಯಿಸುತ್ತಾರೆ, ನೀರು ಬರುತ್ತಲೇ ಇರುತ್ತದೆ. ಕೊಳವೆಯನ್ನು ಕೆಳಗಿನಿಂದ ಮೆತ್ತನೆಯ ತಂತಿಯಲ್ಲಿ ಚುಚ್ಚಿ, ಮೇಲಿನಿಂದ ಒಂದು ಚೊಂಬು ನೀರು ಹಾಕಿ. ಕೆಳಗೆ ಧಾರೆಯಾಗಿ ಬೀಳಬೇಕು, ತೊಟ್ಟಿಕ್ಕಿದರೆ ಸಾಲದು. ನನ್ನ ಕಾರಿನಲ್ಲಿ ಅಲ್ಲಿಂದ ಒಂದು ಹಿಡಿ ಕಪ್ಪು ಗೊಬ್ಬರ ಬಂತು, ಕುಂಡಕ್ಕೆ ಹಾಕಬಹುದಿತ್ತು.

ನೆಲ ಒದ್ದೆಯಾಗಿದೆ ಅಂದ ಮಾತ್ರಕ್ಕೆ ಅದು ಮಳೆ ನೀರೇ ಆಗಬೇಕಿಲ್ಲ. ಬೆರಳಲ್ಲಿ ಮುಟ್ಟಿ ನೋಡಿ, ಮೂಸಿ ನೋಡಿ. ಅಂಟಂಟಾಗಿದ್ದು ಸಿಹಿ ವಾಸನೆ ಬಂದರೆ, ಗಾಜಿನ ಒಳಗೆ ಜಿಡ್ಡಿನ ಮಂಜು ಕೂರುತ್ತಿದ್ದರೆ, ಅದು ಹೀಟರಿನ ಕೂಲೆಂಟ್. ಬಾಯಿಗೆ ಮಾತ್ರ ಹಾಕಬೇಡಿ, ವಿಷ. ಪೆಡಲ್ ಬುಡದಲ್ಲಿ ಬಣ್ಣ ಸುಲಿದು ಬಂದಿದ್ದರೆ ಬ್ರೇಕ್ ಆಯಿಲ್: ಮೇಲಿನ ಕ್ಲಚ್ ಅಥವಾ ಬ್ರೇಕಿನ ಮಾಸ್ಟರ್ ಸಿಲಿಂಡರ್ ಸೋರುತ್ತಿದೆ. ಹಾಗಿದ್ದರೆ ಒಳಗಿನ ಅಲಂಕಾರದ ಮಾತೆಲ್ಲ ಬಿಟ್ಟು ಮೊದಲು ಅದನ್ನು ಸರಿಮಾಡಿಸಿ, ಅಲ್ಲಿಯವರೆಗೆ ಕಾರು ರಸ್ತೆಗೆ ಇಳಿಸಬೇಡಿ.

ಬಾಗಿಲಿನ ವಿಷಯ ಬೇರೆ. ಬಾಗಿಲಿನೊಳಗೆ ನೀರು ಬರುವುದು ತಪ್ಪಲ್ಲ, ಗಾಜಿನ ಜೊತೆ ಇಳಿದೇ ಇಳಿಯುತ್ತದೆ, ಬುಡದ ತೂತುಗಳಿಂದ ಹೊರಗೆ ಹೋಗಬೇಕು ಅಷ್ಟೇ. ಆ ತೂತು ತೆರೆದಿದೆಯಾ ನೋಡಿ. ಒಳಹಲಗೆಗೆ ನೀರು ತಾಗದಿರಲಿ ಅಂತ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಇರಬೇಕು. ಯಾರೋ ಒಬ್ಬರು ಸ್ಪೀಕರ್ ಹಾಕುವಾಗ ಅದನ್ನು ಹರಿದು ಎಸೆದಿರುತ್ತಾರೆ. ಹಲಗೆ ಅಂದರೆ ಒತ್ತಿದ ರಟ್ಟು ತಾನೆ, ನೀರು ಕುಡಿದು ಊದಿಕೊಂಡು ಸೊಟ್ಟಗಾಗುತ್ತದೆ. ದಪ್ಪ ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಸುತ್ತ ಬ್ಯೂಟೈಲ್ ಟೇಪಿನಲ್ಲಿ (ನೀರು ತಡೆಯುವ ಮೆತ್ತನೆಯ ಅಂಟುಪಟ್ಟಿ) ಅಂಟಿಸಿ, ಕೆಳಗಿನ ಅಂಚನ್ನು ಮಾತ್ರ ಬಾಗಿಲಿನ ಒಳಗಡೆಗೆ ತುರುಕಿ. ನೀರು ಹಾಳೆಯ ಮೇಲೆ ಜಾರಿ ಬಾಗಿಲಿನೊಳಗೇ ಬೀಳಬೇಕು. ಹೊಸ ಹಲಗೆ ಸಿದ್ಧ ಸಿಗುತ್ತದೆ. ಹಳೆಯದರ ಮೇಲಿನ ರೆಕ್ಸಿನ್ ಚೆನ್ನಾಗಿದ್ದರೆ ನೀವೇ ತೆಳು ಪ್ಲೈವುಡ್ ಕತ್ತರಿಸಿ, ಎರಡೂ ಬದಿಗೆ ವಾರ್ನಿಶ್ ಹೊಡೆದು, ಅದರ ಮೇಲೆ ಅದೇ ರೆಕ್ಸಿನ್ ಎಳೆದು ಅಂಟಿಸಬಹುದು. ನಾನು ಹಾಗೇ ಮಾಡಿದ್ದೇನೆ, ಇನ್ನೂ ನೆಟ್ಟಗಿದೆ.

ನೀರು ನಿಂತಿತು ಅಂತ ಖಾತ್ರಿಯಾದ ಮೇಲೆ ತುಕ್ಕು. ಇಲ್ಲಿ ಸ್ವಲ್ಪ ಕಹಿ ಮಾತು ಹೇಳಬೇಕು. ಎಂಜಿಬಿಗೆ ಲಾರಿಗೆ ಇರುವ ಹಾಗೆ ಬೇರೆ ಚಾಸಿ ಇಲ್ಲ, ತಗಡಿನ ಮೈಯೇ ಅದರ ಬೆನ್ನೆಲುಬು. ಅದರಲ್ಲೂ ರೋಡ್‌ಸ್ಟರಿಗೆ ಮೇಲೆ ತಗಡಿನ ಸೂರೂ ಇಲ್ಲದ ಕಾರಣ ಬಾಗಿಲಿನ ಕೆಳಗಿನ ಸಿಲ್ ಮೇಲೇ ಎಲ್ಲ ಭಾರ. ನೆಲ ಆ ಸಿಲ್ಲಿಗೆ ಸೇರುವ ಮೂಲೆಯಲ್ಲಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಟಣ್ ಅಂದರೆ ಸರಿ. ಡಬ್ ಅಂದರೆ ತುದಿಯಿಂದ ಚುಚ್ಚಿ ನೋಡಿ. ಒಳಗೆ ಹೋದರೆ ವೆಲ್ಡಿಂಗ್ ಬೇಕು, ಅದು ಮನೆಯ ಕೆಲಸದ ಮಿತಿ ಮೀರಿತು. ಗೊತ್ತಿರುವವರ ಹತ್ತಿರ ಮಾಡಿಸಿ, ಬಾಗಿಲು ಹಾಕಿಕೊಂಡೇ, ಮಧ್ಯೆ ಕಂಬಿ ಕೊಟ್ಟು ಮಾಡಿಸಿ. ಇಲ್ಲದಿದ್ದರೆ ಕಾರು ನಡುವೆ ಕುಸಿದು ಆಮೇಲೆ ಬಾಗಿಲು ಹಾಕಲು ಬರಲ್ಲ. ವೆಲ್ಡಿಂಗ್ ಏನಿದ್ದರೂ ಹೊಸ ಬಟ್ಟೆ, ಸ್ಪಂಜು ಕೂರುವ ಮೊದಲೇ ಆಗಬೇಕು. ಒಂದು ಕಿಡಿ ಸಾಕು.

ಮೇಲ್ಮೈ ತುಕ್ಕು ಮಾತ್ರ ಇದ್ದರೆ ನಿಮ್ಮ ಅದೃಷ್ಟ. ತಂತಿ ಬ್ರಷ್‌ನಲ್ಲಿ ಉಜ್ಜಿ, ತುಕ್ಕು ತಿನ್ನುವ ದ್ರಾವಣ ಹಚ್ಚಿ, ಎಪಾಕ್ಸಿ ಪ್ರೈಮರ್, ಮೇಲೆ ಬಣ್ಣ. ಜೋಡಣೆಗಳಿಗೆ ಸೀಲರ್, ಸಿಲ್ಲಿನೊಳಗೆ ಮೇಣದ ಸ್ಪ್ರೇ. ಇಷ್ಟು ಸಾಕು.

ಇನ್ನು ಡ್ಯಾಶ್‌ಬೋರ್ಡ್. ಅಮೆರಿಕಕ್ಕೆ ಹೋದ ಎಂಜಿಬಿಗಳಿಗೆ 1968ರಿಂದ ಅಲ್ಲಿನ ಸುರಕ್ಷತೆಯ ಕಾನೂನಿಗಾಗಿ ದಪ್ಪ ಮೆತ್ತೆಯ ಡ್ಯಾಶ್ ಹಾಕಿದರು. ಕಾರ್ಖಾನೆ ಇದ್ದ ಊರಿನ ಹೆಸರು ಸೇರಿಸಿ ಅದನ್ನು ಅಬಿಂಗ್ಡನ್ ದಿಂಬು ಅಂತ ತಮಾಷೆ ಮಾಡುತ್ತಾರೆ. ನಿಮ್ಮದು ಇಂಗ್ಲೆಂಡಿನಲ್ಲೇ ಮಾರಾಟವಾದ ಕಾರಾದರೆ ತಗಡಿನ ಡ್ಯಾಶ್ ಇರುತ್ತದೆ, ಮೇಲೆ ಸುಕ್ಕುಸುಕ್ಕಾದ ಕಪ್ಪು ಬಣ್ಣ. ದಿಂಬು ಒಡೆದರೆ ರಿಪೇರಿ ಕಷ್ಟ, ತಗಡು ಸುಲಭ. ಆ ಮಟ್ಟಿಗೆ ನೀವು ಗೆದ್ದಿರಿ.

ಬಿಚ್ಚುವಾಗ ಬೆನ್ನ ಮೇಲೆ ಮಲಗಬೇಕು, ಕಾಲು ಹಿಂದಿನ ಶೆಲ್ಫಿನ ಮೇಲೆ, ಮುಖ ಸ್ಟಿಯರಿಂಗ್ ಕೆಳಗೆ. ಮೀಟರುಗಳು ಹಿಂದಿನಿಂದ ಕೈಯಲ್ಲೇ ತಿರುಗಿಸುವ ನಟ್ಟಿನಲ್ಲಿ ನಿಂತಿರುತ್ತವೆ. ಒಂದೊಂದು ವೈರಿಗೂ ಪೇಪರ್ ಟೇಪಿನ ಚೀಟಿ ಅಂಟಿಸಿ. ಈ ಕಾರಿನ ಲ್ಯೂಕಾಸ್ ಕಂಪನಿಯ ವೈರಿಂಗನ್ನು ಬೈಯುವವರು ತುಂಬ ಜನ, ಆದರೆ ಅದರ ಬಣ್ಣದ ಲೆಕ್ಕ ಅಚ್ಚುಕಟ್ಟು: ಕಂದು ಬ್ಯಾಟರಿಯಿಂದ ನೇರ, ಬಿಳಿ ಕೀ ತಿರುಗಿಸಿದ ಮೇಲೆ, ಹಸಿರು ಅದೇ ಫ್ಯೂಸ್ ದಾಟಿ ಬಂದದ್ದು, ನೇರಳೆ ಯಾವಾಗಲೂ ಕರೆಂಟ್ ಇದ್ದರೂ ಫ್ಯೂಸ್ ಇರುವುದು, ಕಪ್ಪು ಅರ್ತ್. ದೀಪಗಳ ಕೆಂಪು, ನೀಲಿಯ ಹಾಗೆ ಇನ್ನೂ ಕೆಲವು ಅಸಲಿ ಬಣ್ಣಗಳಿವೆ, ವೈರಿಂಗ್ ನಕ್ಷೆ ಜೊತೆಗಿಟ್ಟುಕೊಳ್ಳಿ. ನಕ್ಷೆಯಲ್ಲಿ ಇಲ್ಲದ ವೈರ್ ಕಂಡರೆ, ಅದರಲ್ಲೂ ಇನ್ಸುಲೇಷನ್ ಟೇಪ್ ಸುತ್ತಿದ್ದರೆ, ಯಾರದೋ ರೇಡಿಯೊ ಪ್ರಯೋಗ ಅಂತ ತಿಳಿದು ಅದರ ಮೂಲ ಹುಡುಕಿ ತೆಗೆದುಹಾಕಿ.

ಒಂದು ಕಡೆ ಮಾತ್ರ ಉಸಿರು ಹಿಡಿದು ಕೆಲಸ ಮಾಡಿ. ಆಯಿಲ್ ಒತ್ತಡ ಮತ್ತು ನೀರಿನ ಬಿಸಿ ಎರಡನ್ನೂ ತೋರಿಸುವ ಮೀಟರ್ ಒಂದಿದೆ. ಅದರ ಹಿಂದಿನಿಂದ ಕೂದಲಿನಷ್ಟು ಸಣ್ಣ ರಂಧ್ರದ ತಾಮ್ರದ ನಾಳ ಎಂಜಿನ್ನಿನವರೆಗೆ ಹೋಗುತ್ತದೆ. ಅದು ವೈರ್ ಅಲ್ಲ. ಮೀಟರಿಗೇ ಸೇರಿಕೊಂಡಿದೆ, ಒಳಗೆ ದ್ರವ ತುಂಬಿ ಮುಚ್ಚಿರುತ್ತಾರೆ. ಕತ್ತರಿಸಿದರೆ, ಮುರಿದರೆ, ಜೋರಾಗಿ ಮಡಿಸಿದರೂ ಮೀಟರ್ ಸತ್ತ ಹಾಗೆ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ, ಒಂದನ್ನು ಕೊಂದು ಹೇಳುತ್ತಿದ್ದೇನೆ. ಎಂಜಿನ್ ತಣ್ಣಗಿದ್ದಾಗ ಸ್ವಲ್ಪ ಕೂಲೆಂಟ್ ಇಳಿಸಿ, ಎಂಜಿನ್ ಕಡೆಯ ತುದಿ ಬಿಚ್ಚಿ, ನಾಳವನ್ನು ಅಗಲವಾಗಿ ಸುರುಳಿ ಸುತ್ತಿ ಮೀಟರಿನ ಜೊತೆಯೇ ಹೊರತನ್ನಿ. ಆಯಿಲಿನ ಪೈಪು ಬೇರೆ, ಅದನ್ನು ಮೀಟರಿನ ಹಿಂದೆ ಬಿಚ್ಚಬಹುದು, ಕೆಳಗೊಂದು ಬಟ್ಟೆ ಹಾಸಿಕೊಳ್ಳಿ.

ಸುಕ್ಕು ಬಣ್ಣ ಹೊಡೆಯುವುದು ಈ ಇಡೀ ಕೆಲಸದಲ್ಲಿ ನನಗೆ ತುಂಬ ಇಷ್ಟದ ಭಾಗ. ಹಳೆಯ ಬಣ್ಣ ಪೂರ್ತಿ ತೆಗೆದು, ಪ್ರೈಮರ್ ಹೊಡೆದು, ಆಮೇಲೆ ಸ್ಪ್ರೇ ಡಬ್ಬದಿಂದ ದಪ್ಪಗೆ ಮೂರು ಕೋಟ್. ಒಂದು ಅಡ್ಡ, ಒಂದು ಉದ್ದ, ಒಂದು ಓರೆ, ನಡುನಡುವೆ ಐದೇ ನಿಮಿಷ. ಎಲ್ಲ ಬಣ್ಣಕ್ಕೂ ತೆಳ್ಳಗೆ ಹೊಡಿ ಅಂತಾರೆ, ಇದಕ್ಕೆ ಮಾತ್ರ ಉಲ್ಟಾ. ತೆಳ್ಳಗೆ ಹೊಡೆದರೆ ಸುಕ್ಕೇ ಏಳಲ್ಲ. ಹೊಡೆದ ತಕ್ಷಣ ನುಣುಪಾಗಿ ಹೊಳೆಯುತ್ತಿರುತ್ತದೆ, ಕೆಟ್ಟಿತು ಅನ್ನಿಸುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಹೀಟ್ ಗನ್ ದೂರದಿಂದ ಆಡಿಸಿ. ಹಾಲಿನ ಮೇಲೆ ಕೆನೆ ಕಟ್ಟುವಾಗ ಹೇಗೆ ಮಡಿಕೆ ಬೀಳುತ್ತದೋ ಹಾಗೆ ಒಂದು ಮೂಲೆಯಿಂದ ಸುಕ್ಕು ಎದ್ದು ಹರಡಿಕೊಂಡು ಬರುತ್ತದೆ. ಬಿಸಿ ಎಲ್ಲ ಕಡೆ ಒಂದೇ ಸಮ ಇರಬೇಕು, ಇಲ್ಲದಿದ್ದರೆ ಒಂದು ಕಡೆ ದಪ್ಪ ಸುಕ್ಕು, ಇನ್ನೊಂದು ಕಡೆ ಸಣ್ಣದು. ಮೊದಲು ಒಂದು ಹಳೆಯ ತಗಡಿನ ಮೇಲೆ ಕೈ ಪಳಗಿಸಿಕೊಳ್ಳಿ. ಅಡುಗೆ ಓವನ್‌ನಲ್ಲಿ ಇಡಬಹುದಾ ಅಂತ ಕೇಳುವವರಿದ್ದಾರೆ. ಡ್ಯಾಶ್ ಅದರಲ್ಲಿ ಹಿಡಿಯಲ್ಲ, ಹಿಡಿದರೂ ಬೇಡ.

ಈಗ ಸೀಟು, ನೀವು ಕೇಳಿದ್ದೇ ಅದು. ಲೆದರ್ ಬೇಡ ಅಂತ ನನ್ನ ಅಭಿಪ್ರಾಯ. 1962ರಲ್ಲಿ ಬಂದ ಮೊದಲ ಎಂಜಿಬಿಗಳಲ್ಲಿ ಮೈ ತಾಗುವ ಭಾಗಕ್ಕೆ ನಿಜವಾದ ಲೆದರ್ ಇತ್ತು, ನಿಮ್ಮ 1971ರ ಹೊತ್ತಿಗೆ ಕಾರ್ಖಾನೆಯವರೇ ರೆಕ್ಸಿನ್ನಿಗೆ ಇಳಿದಿದ್ದರು. ಅಂದರೆ ರೆಕ್ಸಿನ್ ಹಾಕಿದರೆ ಜಿಪುಣತನ ಆಗಲ್ಲ, ಅದೇ ಅಸಲಿ. ತೆರೆದ ಕಾರು, ಇಂಗ್ಲೆಂಡಿನ ಮಳೆ, ಲೆದರಿಗೆ ವರ್ಷಕ್ಕೆರಡು ಸಲ ಎಣ್ಣೆ ನೀರು ನೋಡಿಕೊಳ್ಳಬೇಕು. ಖರ್ಚೂ ಹತ್ತಿರ ಹತ್ತಿರ ಎರಡರಷ್ಟು. ಆ ದುಡ್ಡನ್ನು ಸ್ಪಂಜಿಗೆ ಹಾಕಿ. ಹಳೆಯ ಸ್ಪಂಜು ಮುಟ್ಟಿದರೆ ರವೆಯ ಹಾಗೆ ಉದುರುತ್ತದೆ, ಅದರ ಮೇಲೆ ಎಷ್ಟು ದುಬಾರಿ ಕವರ್ ಹಾಕಿದರೂ ಸೀಟು ಮುದುಕನ ಕೆನ್ನೆಯೇ. ಅಂದಹಾಗೆ ಆ ಪುಡಿ ಮೂಗಿಗೆ ಹೋಗದ ಹಾಗೆ ಮಾಸ್ಕ್ ಹಾಕಿಕೊಳ್ಳಿ.

ಬಣ್ಣ ಯಾವುದಿತ್ತು ಅಂತ ತಿಳಿಯಬೇಕಾದರೆ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂಗೆ ಬರೆಯಿರಿ. ಕಾರಿನ ಚಾಸಿ ನಂಬರ್ (ನಂಬರ್ ಪ್ಲೇಟಿನದಲ್ಲ) ಕೊಟ್ಟರೆ ಕಾರ್ಖಾನೆಯ ದಾಖಲೆ ನೋಡಿ, ಕಾರು ಯಾವಾಗ ತಯಾರಾಯಿತು, ಹೊರಬಣ್ಣ ಯಾವುದು, ಒಳಗಿನ ಬಣ್ಣ ಯಾವುದು ಅಂತ ಪ್ರಮಾಣಪತ್ರ ಕೊಡುತ್ತಾರೆ. ಶುಲ್ಕ ಇದೆ. ನಿಮ್ಮ ಊರಿನಿಂದ ದೂರವೂ ಇಲ್ಲ, ಮಕ್ಕಳಿದ್ದರೆ ಕರೆದುಕೊಂಡೇ ಹೋಗಿ ಬನ್ನಿ.

ಜೆ.ಸಿ. ರೋಡಿನ ವಿಷಯ. ಅಲ್ಲಿನ ಕುಶನ್ ಕೆಲಸದವರ ಕೈ ಬಗ್ಗೆ ನನಗೆ ಎರಡು ಮಾತಿಲ್ಲ, ಅಂಬಾಸಿಡರ್, ಪದ್ಮಿನಿ, ಹೆರಾಲ್ಡ್ ಕಾರನ್ನು ಅಂಗಡಿ ಮುಂದೆ ನಿಲ್ಲಿಸಿದರೆ ಸಂಜೆಯೊಳಗೆ ಹೊಸ ಸೀಟು ಮಾಡಿಕೊಡುವವರು. ಆದರೆ ನೀವು ಕಾರು ತರುತ್ತಿಲ್ಲ, ಬರೀ ಹಳೆಯ ಕವರ್ ತರುತ್ತೀರಿ. ಅದು ಐವತ್ತು ವರ್ಷದಲ್ಲಿ ಕೆಲವು ಕಡೆ ಹಿಗ್ಗಿ, ಕೆಲವು ಕಡೆ ಕುಗ್ಗಿರುತ್ತದೆ. ಅದೇ ಅಳತೆಗೆ ಹೊಲಿದ ಕವರನ್ನು ಲೆಸ್ಟರ್‌ಗೆ ತಂದು ಹೊಸ ಸ್ಪಂಜಿನ ಮೇಲೆ ಹಾಕಿದರೆ ಒಂದೋ ಬಿಗಿ, ಇಲ್ಲ ಸಡಿಲ, ತಿದ್ದಿಕೊಡಲು ಆ ದರ್ಜಿ ಪಕ್ಕದಲ್ಲಿ ಇರಲ್ಲ. ಕವರಿಗಾಗಿ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. 1962ರಿಂದ 1980ರವರೆಗೆ ಎಂಜಿಬಿ 5 ಲಕ್ಷಕ್ಕೂ ಜಾಸ್ತಿ ತಯಾರಾಗಿದೆ. ಹಾಗಾಗಿ ಈ ಕಾರಿನ ಭಾಗ ಸಿಗುವಷ್ಟು ಬೇರೆ ಹಳೆಯ ಸ್ಪೋರ್ಟ್ಸ್ ಕಾರಿನವು ಸಿಗುವುದು ಅಪರೂಪ. 1988ರಿಂದ ಇಡೀ ತಗಡಿನ ಮೈಯನ್ನೇ ಹೊಸದಾಗಿ ಒತ್ತಿ ಕೊಡುತ್ತಿದ್ದಾರೆ ಅಂದರೆ ನೋಡಿ. ಸಫೊಕ್‌ನ ನ್ಯೂಟನ್ ಕಮರ್ಷಿಯಲ್, ಬಿಡಿಭಾಗ ಮಾರುವ ಮಾಸ್ ಕಂಪನಿ, ಎಂಜಿ ಓನರ್ಸ್ ಕ್ಲಬ್, ಇವರಲ್ಲಿ ಯಾರ ಹತ್ತಿರ ಕೇಳಿದರೂ ನಿಮ್ಮ ವರ್ಷದ ಸೀಟಿಗೆ ಸರಿಯಾದ ಕವರ್, ಸ್ಪಂಜು ಸಿಗುತ್ತವೆ. ಹೊಲಿಗೆ ಬರಲ್ಲ ಅಂದಿರಿ, ಬರಬೇಕಿಲ್ಲ. ಕವರ್ ಹೊಲಿದೇ ಬರುತ್ತದೆ, ನಿಮ್ಮದು ಎಳೆದು ಕೂರಿಸುವ ಕೆಲಸ.

ಎಳೆಯುವುದು ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಜನ ಸೋಲುವುದು ಇಲ್ಲೇ. ಎರಡೂ ಸೀಟು ಒಟ್ಟಿಗೆ ಬಿಚ್ಚಬೇಡಿ, ಒಂದು ಪೂರ್ತಿ ಮುಗಿಯುವವರೆಗೆ ಇನ್ನೊಂದು ಹಾಗೇ ಇರಲಿ, ನೋಡಿಕೊಳ್ಳಲು ಬೇಕು. ಮೊದಲು ಪಕ್ಕದ ಸೀಟು ಮಾಡಿ, ಡ್ರೈವರದ್ದು ಆಮೇಲೆ, ಕಲಿಯುವಾಗಿನ ತಪ್ಪೆಲ್ಲ ಪಕ್ಕದ್ದರಲ್ಲಿ ಹೋಗಲಿ. ಕವರ್ ಬಿಚ್ಚಿದ ಮೇಲೆ ಕಬ್ಬಿಣದ ಚೌಕಟ್ಟು ಸಿಗುತ್ತದೆ. ಬಿರುಕಿದೆಯಾ ನೋಡಿ, ಉಜ್ಜಿ, ಬಣ್ಣ ಹೊಡೆಯಿರಿ. ಕೂರುವ ಭಾಗದ ಸ್ಪಂಜನ್ನು ಹೊರುವುದು ಕೆಳಗೆ ಕೊಕ್ಕೆಯಲ್ಲಿ ಬಿಗಿದ ರಬ್ಬರ್. ಅದು ಜೋತುಬಿದ್ದಿದ್ದರೆ ಬದಲಾಯಿಸಲೇಬೇಕು. ಇದನ್ನು ಬಿಟ್ಟು ಬರೀ ಸ್ಪಂಜು, ಕವರ್ ಹೊಸದು ಹಾಕಿಸಿಕೊಂಡವರು, ಒಳಗೆ ಕೂತರೆ ಸ್ಟಿಯರಿಂಗ್ ಮೇಲಿಂದ ರಸ್ತೆ ಕಾಣಲ್ಲ ಅಂತ ಮತ್ತೆ ಬಿಚ್ಚಿಸುತ್ತಾರೆ.

ಕವರನ್ನು ಒಂದು ಗಂಟೆ ಬಿಸಿಲಿನಲ್ಲೋ ಹೀಟರಿನ ಹತ್ತಿರವೋ ಹಾಕಿಡಿ. ತಣ್ಣನೆಯ ರೆಕ್ಸಿನ್ ಹಟಮಾರಿ, ಬೆಚ್ಚಗಾದರೆ ಮಾತು ಕೇಳುತ್ತದೆ. ಸ್ಪಂಜಿನ ಮೇಲೆ ಒಂದು ತೆಳು ಪ್ಲಾಸ್ಟಿಕ್ ಚೀಲ ಹಾಕಿ, ಡ್ರೈ ಕ್ಲೀನಿಂಗ್ ಅಂಗಡಿಯವರು ಬಟ್ಟೆಗೆ ಸುತ್ತಿ ಕೊಡುತ್ತಾರಲ್ಲ, ಅಂಥದ್ದು. ಇಲ್ಲದಿದ್ದರೆ ಸ್ಪಂಜು ಕವರನ್ನು ಹಿಡಿದುಕೊಂಡು ಜಾರಲು ಬಿಡಲ್ಲ. ಕವರನ್ನು ಕಾಲುಚೀಲದ ಹಾಗೆ ಒಳಹೊರಗೆ ಮಾಡಿ ಮೇಲಿನ ಎರಡು ಮೂಲೆಗೆ ಮೊದಲು ಕೂರಿಸಿ, ಆಮೇಲೆ ಇಷ್ಟಿಷ್ಟೇ ಕೆಳಗೆ ಇಳಿಸಿ. ಎಡಕ್ಕೆ ಒಂದಿಂಚು, ಬಲಕ್ಕೆ ಒಂದಿಂಚು. ಒಂದೇ ಬದಿ ಪೂರ್ತಿ ಎಳೆದರೆ ಪೈಪಿಂಗಿನ (ಹೊಲಿಗೆಯ ಮೇಲಿನ ಉಬ್ಬು ಅಂಚು) ಗೆರೆ ಓರೆಯಾಗಿ, ಹತ್ತು ಅಡಿ ದೂರದಿಂದ ಕಾಣುತ್ತದೆ. ಗೆರೆ ನೆಟ್ಟಗಾದ ಮೇಲೆ, ಅಂಗೈಯಲ್ಲಿ ಮಧ್ಯದಿಂದ ಅಂಚಿಗೆ ನೀವುತ್ತಾ, ಕೆಳಗೆ ಕ್ಲಿಪ್ ಹಾಕುತ್ತಾ ಬನ್ನಿ. ಉಳಿದ ಸಣ್ಣ ಸುಕ್ಕಿಗೆ ಕೂದಲು ಒಣಗಿಸುವ ಡ್ರೈಯರ್ ಸಾಕು. ಹೀಟ್ ಗನ್ ತರಬೇಡಿ, ಒಂದು ಸೆಕೆಂಡ್ ಜಾಸ್ತಿಯಾದರೂ ರೆಕ್ಸಿನ್ ಮಿರಮಿರ ಹೊಳೆದು ಕರಗುತ್ತದೆ. ನನ್ನ ಮೊದಲ ಸೀಟಿಗೆ ಎರಡು ರಾತ್ರಿ ಹಿಡಿಯಿತು, ಎರಡನೆಯದಕ್ಕೆ ಮೂರು ಗಂಟೆ.

ನಿಮ್ಮ ಕವರ್ ಬರೀ ಹೊಲಿಗೆ ಬಿಟ್ಟಿದ್ದು, ರೆಕ್ಸಿನ್ ಗಟ್ಟಿಯಿದ್ದರೆ, ಹೊಸದು ಕೊಳ್ಳುವ ಮೊದಲು ಒಂದು ಸಲ ತೊಳೆದು ನೋಡಿ. ಬಿಸಿನೀರು, ಸೋಪು, ಮೆತ್ತನೆಯ ಬ್ರಷ್ಷು. ಥಿನ್ನರ್ ಮುಟ್ಟಿಸಬೇಡಿ. ಹಳೆಯದು ಉಳಿಯುವ ಹಾಗಿದ್ದರೆ ಉಳಿಸಿಕೊಳ್ಳಿ, ಸ್ವಲ್ಪ ಮಾಸಿದ ಅಸಲಿ ಸೀಟು ಎಷ್ಟೋ ಸಲ ಹೊಸ ಸೀಟಿಗಿಂತ ಚಂದ ಕಾಣುತ್ತದೆ. ಇದು ನನ್ನ ರುಚಿ, ಜಗಳ ಆಡುವವರು ಆಡಬಹುದು.

ಕೊನೆಗೆ ಬಂತು ಕಾರ್ಪೆಟ್. ಹಿಂದಿನ ದಿನವೇ ಬೆಚ್ಚಗಿನ ಕೋಣೆಯಲ್ಲಿ ಬಿಚ್ಚಿ ಹಾಸಿಡಿ, ಮಡಿಕೆ ಹೋಗಲಿ. ಗೇರ್‌ಬಾಕ್ಸ್ ಸುರಂಗ ಮತ್ತು ಸಿಲ್ಲಿನ ಮೇಲಿನವು ಅಂಟಿಸುವಂಥವು. ಗಮ್ ಹಚ್ಚುವ ಮೊದಲು ಎಲ್ಲ ತುಂಡೂ ಒಣಗಿದ್ದೇ ಇಟ್ಟು ನೋಡಿ, ಗೇರ್ ಲಿವರ್, ಹ್ಯಾಂಡ್‌ಬ್ರೇಕ್, ಸೀಟ್ ಬೋಲ್ಟಿನ ತೂತು ಎಲ್ಲ ಹಳೆಯ ಕಾರ್ಪೆಟ್ ನೋಡಿ ಗುರುತು ಮಾಡಿ. ಡ್ರಿಲ್ಲಿನಿಂದ ಕಾರ್ಪೆಟ್ಟಿಗೆ ತೂತು ಹಾಕಬೇಡಿ, ಒಂದು ನೂಲು ಸಿಕ್ಕಿಕೊಂಡು ಸರ್ರನೆ ಉದ್ದಕ್ಕೂ ಬಿಚ್ಚಿಕೊಳ್ಳುತ್ತದೆ. ಬಿಸಿ ಮಾಡಿದ ಮೊಳೆ ಅಥವಾ ಚೂಪಾದ ಬ್ಲೇಡ್ ಸಾಕು. ಗಮ್ ಬಿಸಿ ತಡೆಯುವಂಥದ್ದೇ ತಗೊಳ್ಳಿ, ಸುರಂಗ ಕಾಯುತ್ತದೆ. ಎರಡೂ ಬದಿಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಲು ಬಿಟ್ಟು, ಆಮೇಲೆ ಒತ್ತಿ. ಒತ್ತಿದ ಮೇಲೆ ಸರಿಸುವ ಮಾತೇ ಇಲ್ಲ, ಹಾಗಾಗಿ ಮಧ್ಯದಿಂದ ಶುರುಮಾಡಿ. ಗ್ಯಾರೇಜ್ ಬಾಗಿಲು ತೆರೆದಿರಲಿ. ಚಳಿ ಅಂತ ಉರಿಯುವ ಹೀಟರ್ ಇಟ್ಟುಕೊಂಡು ಗಮ್ ಡಬ್ಬ ತೆಗೆಯಬೇಡಿ, ಅದರ ಆವಿಗೆ ಬೆಂಕಿ ಹಿಡಿಯುತ್ತದೆ.

ಕಾಲ ಕೆಳಗಿನ ಎರಡು ಕಾರ್ಪೆಟ್ ಮಾತ್ರ ಯಾವ ಕಾರಣಕ್ಕೂ ಅಂಟಿಸಬೇಡಿ. ಪ್ರೆಸ್ ಬಟನ್ನಿನಲ್ಲಿ ನಿಲ್ಲುವ ಹಾಗಿರಲಿ, ಕೆಳಗಿನ ಗೋಣಿನಾರಿನ ಹಾಸು ಕೂಡ ಬಿಡಿಯಾಗಿಯೇ ಇರಲಿ. ಸದ್ದು ಕಡಿಮೆಯಾಗುತ್ತದೆ ಅಂತ ಇಡೀ ನೆಲಕ್ಕೆ ಅಂಟಿನ ಹಾಳೆ ಬಡಿಯುತ್ತಾರೆ ಈಗ. ತೆರೆದ ಕಾರಿನಲ್ಲಿ ಸದ್ದು ಇನ್ನೇನು ಕಡಿಮೆಯಾದೀತು? ಹಾಳೆ ಎಲ್ಲಾದರೂ ಸ್ವಲ್ಪ ಎದ್ದರೆ ನೀರು ಅದರ ಕೆಳಗೆ ನಿಲ್ಲುತ್ತದೆ, ನಿಮಗೆ ಕಾಣುವುದೂ ಇಲ್ಲ. ಬಿಡಿ ಕಾರ್ಪೆಟ್ ಆದರೆ ಮಳೆಯಲ್ಲಿ ಹೋಗಿ ಬಂದ ರಾತ್ರಿ ಎತ್ತಿ ಗ್ಯಾರೇಜಿನ ಹಗ್ಗಕ್ಕೆ ಹಾಕಬಹುದು. ಹುಡ್, ಅಂದರೆ ಮೇಲಿನ ಮಡಚುವ ಸೂರು, ಅದೂ ಅಷ್ಟೇ, ಒದ್ದೆಯಿದ್ದಾಗ ಮಡಚಬೇಡಿ, ಮುಗ್ಗಲು ವಾಸನೆ ಅಲ್ಲಿಂದಲೇ ವಾಪಸ್ ಬರುತ್ತದೆ. ಕೊರೆಯುವ ಚಳಿಯಲ್ಲೂ ಮಡಚಬೇಡಿ, ಹಿಂದಿನ ಪ್ಲಾಸ್ಟಿಕ್ ಕಿಟಕಿ ಸೀಳುತ್ತದೆ.

ಸೀಟು ವಾಪಸ್ ಕೂರಿಸುವ ಮೊದಲು ಬೆಲ್ಟ್ ನೋಡಿ. ನೂಲು ಎದ್ದಿದ್ದರೆ, ಬಿಸಿಲಿಗೆ ಬಣ್ಣ ಹೋಗಿದ್ದರೆ ತೊಳೆದು ಹಾಕುವ ಯೋಚನೆ ಬೇಡ, ಹೊಸದೇ ಕೊಳ್ಳಿ. 40 ವರ್ಷ ದಾಟಿದ ಕಾರಿಗೆ ಅಲ್ಲಿ ವರ್ಷವರ್ಷದ ಎಂಓಟಿ ತಪಾಸಣೆ ಕಡ್ಡಾಯವಲ್ಲ, ಅಂದರೆ ಬೆಲ್ಟು ಸರಿಯಿಲ್ಲ ಅಂತ ಹೇಳುವವರು ನಿಮ್ಮನ್ನು ಬಿಟ್ಟು ಬೇರೆ ಯಾರೂ ಇರಲ್ಲ. ಬೆಲ್ಟಿನ ಬೋಲ್ಟು ತುಕ್ಕು ಹಿಡಿದ ತಗಡಿಗೆ ಕಚ್ಚಿಕೊಂಡಿದ್ದರೆ ಅದನ್ನೂ ವೆಲ್ಡಿಂಗ್ ಮಾಡುವವರಿಗೆ ತೋರಿಸಿ.

ಎಷ್ಟು ದಿನ ಹಿಡಿಯುತ್ತದೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವೆಲ್ಡಿಂಗ್ ಇಲ್ಲದಿದ್ದರೆ, ವಾರಾಂತ್ಯದಲ್ಲಿ ಮಾತ್ರ ಕೈ ಹಾಕಿದರೆ, ಅಕ್ಟೋಬರಿನಲ್ಲಿ ಶುರುಮಾಡಿ ಏಪ್ರಿಲ್‌ಗೆ ಕೂರಬಹುದು. ನೀರಿನ ಪರೀಕ್ಷೆ ಮಾತ್ರ ಈ ಶನಿವಾರವೇ ಮಾಡಿ, ನೀರು ಯಾವ ಬದಿಯಿಂದ ಬಂತು ಅಂತ ಫೋಟೊ ಸಮೇತ ಬರೆಯಿರಿ. ಒಳಗೆ ಮಲಗುವವರಿಗೆ ಒಂದು ಹಳೆಯ ರೇನ್‌ಕೋಟ್ ಕೊಡಿ.